ಜಡ್ಡುಗಟ್ಟಿದ ಕಬ್ಬಿಣ

ಗುದ್ದಲಿ ಹಿಡಿಯುವವರ ಅಂಗೈ ನೋಡಿದ್ದೀರಾ? ಮೊದಮೊದಲು ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಉರಿಯುತ್ತದೆ. ಆಮೇಲೆ ಅದೇ ಜಾಗ ಜಡ್ಡುಗಟ್ಟುತ್ತದೆ. ಎಲ್ಲಿ ಹೆಚ್ಚು ಉಜ್ಜುತ್ತದೆಯೋ ಅಲ್ಲೇ ಚರ್ಮ ದಪ್ಪವಾಗುತ್ತದೆ. ಕಬ್ಬಿಣಕ್ಕೆ ಈ ಬುದ್ಧಿ ಇಲ್ಲ. ಎಲ್ಲಿ ಉಜ್ಜುತ್ತದೆಯೋ ಅಲ್ಲೇ ಸವೆದು ತೆಳ್ಳಗಾಗುತ್ತದೆ, ಕೊನೆಗೊಂದು ದಿನ ಕಿರುಚಿ ನಿಂತುಬಿಡುತ್ತದೆ. ಕಬ್ಬಿಣವೂ ಅಂಗೈಯ ಹಾಗೆ ಜಡ್ಡುಗಟ್ಟುವಂತಿದ್ದರೆ?

ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಾನು ಅರ್ಧ ಆಯುಷ್ಯ ಕಳೆದೆ. ಜನ ನಕ್ಕರು. ನನ್ನ ಸ್ವಂತ ಅತ್ತೆ ಶಿವಗಂಗವ್ವನವರೇ "ಕಬ್ಬಿಣಕ್ಕ ಚರ್ಮಾ ಹಚ್ಚಾಕ ಹೊಂಟಾಳ ನಮ್ಮ ಸೊಸಿ ಸುಗಲಾ" ಎಂದು ಓಣಿಯ ತುಂಬ ಹೇಳಿಕೊಂಡು ಬಂದರು. ನನಗೋ ಕೋಪ ಮೂಗಿನ ತುದಿಯಲ್ಲೇ. ನಕ್ಕವರಿಗೆಲ್ಲ ತಿರುಗಿ ಅಂದೆ, ಕೆಲವರ ಜೊತೆ ಮಾತು ಬಿಟ್ಟೆ, ಕೆಲಸ ಮಾತ್ರ ಬಿಡಲಿಲ್ಲ.

ಉತ್ತರ ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ, ಹಾಳುಬಿದ್ದ ಒಂದು ಎಣ್ಣೆಗಾಣದಲ್ಲಿ. ಅಲ್ಲಿನ ಕಬ್ಬಿಣದ ಮೇಲೆ ಸುಟ್ಟ ಬೆಲ್ಲದಂಥ ಕರೀ ಪದರ ಕೂತಿತ್ತು. ಕೆರೆದು ನೋಡಿದರೆ ಒಳಗಿನ ಕಬ್ಬಿಣ ನಿನ್ನೆ ತಂದು ಕೂರಿಸಿದ ಹಾಗಿತ್ತು. ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದಕ್ಕೆ ಜೀವವಿತ್ತು! ಬೀಜದೆಣ್ಣೆಗಳ ದೊಡ್ಡ ರೋಗವೆಂದರೆ ಅವು ಕಮಟುಹಿಡಿಯುತ್ತವೆ. ಕಮಟಿದ ಎಣ್ಣೆ ಹುಳಿಯಾಗಿ ಲೋಹವನ್ನು ತಿನ್ನುತ್ತದೆ. ಅದಕ್ಕೇ ಜಗತ್ತು ಹೊಂಗೆ, ಹಿಪ್ಪೆ, ಹರಳೆಣ್ಣೆಗಳನ್ನು ಬಿಟ್ಟು ನೆಲದೊಳಗಿನ ಎಣ್ಣೆಯ ಬೆನ್ನು ಹತ್ತಿದ್ದು. ಈ ಪದರದಲ್ಲಿದ್ದ ಬ್ಯಾಕ್ಟೀರಿಯಾಕ್ಕೆ ಆ ಹುಳಿಯೇ ಊಟ. ಉಂಡು ಸುಮ್ಮನೆ ಮಲಗುವ ಜಾತಿಯೂ ಅದಲ್ಲ. ಉಜ್ಜಾಟದಲ್ಲಿ ಉದುರುವ ಕಬ್ಬಿಣದ ಪುಡಿಯನ್ನು ಹೆಕ್ಕಿ ತಂದು, ತನ್ನ ಅಂಟಿನಲ್ಲಿ ಕಲಸಿ, ಉದುರಿದ ಜಾಗಕ್ಕೇ ಮೆತ್ತುತ್ತದೆ. ಹೆಚ್ಚು ಉಜ್ಜಿದ ಕಡೆ ಹೆಚ್ಚು ಪುಡಿ, ಹೆಚ್ಚು ಪುಡಿ ಇದ್ದ ಕಡೆ ದಪ್ಪ ಪೊರೆ. ಆ ದಿನ ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಆ ಜೀವಿಯನ್ನು ಹೊಂಗೆ ಎಣ್ಣೆಯಲ್ಲಿ ಸಾಕಿ ಪಳಗಿಸುವ ಹೊತ್ತಿಗೆ ಹೊಳೆ ಕಾಯ್ದೆ ಬಂದಿತ್ತು. ಕುಡಿಯುವ ನೀರಿನ ಹೊಳೆಗೆ ನೆಲದೆಣ್ಣೆಯ ಒಂದು ಹನಿಯೂ ಬೀಳಕೂಡದು ಎಂಬ ಕಾಯ್ದೆ. ಒಳ್ಳೆಯದೇ. ಆದರೆ ಜಾಕ್‌ವೆಲ್ ಹೇಗೆ ನಡೆಯುತ್ತದೆ ಎಂದು ಕಾಯ್ದೆ ಬರೆದವರಿಗೆ ಯಾರೂ ಹೇಳಿರಲಿಲ್ಲ. ತೊರೆಹಾಳದ ಜಾಕ್‌ವೆಲ್ ಎಂದರೆ ಹೊಳೆಯ ಅಂಚಿಗೆ ಕಟ್ಟಿದ ದೊಡ್ಡ ಬಾವಿ. ಬಾವಿಯ ಮೇಲೊಂದು ಕಟ್ಟಡ, ಅದರಲ್ಲಿ ಮೂರು ಪಂಪು, ಒಂದೊಂದರ ಮೋಟಾರಿನಿಂದ ನೀರಿನ ತಳದವರೆಗೆ ಇಳಿದ ಉದ್ದನೆಯ ಉಕ್ಕಿನ ಶಾಫ್ಟು. ಶಾಫ್ಟು ತಿರುಗುವಾಗ ಅದನ್ನು ಹಿಡಿದ ಬೇರಿಂಗುಗಳಿಗೆ ಮೇಲಿನಿಂದ ಎಣ್ಣೆ ತೊಟ್ಟಿಕ್ಕುತ್ತಿರಬೇಕು. ತೊಟ್ಟಿಕ್ಕಿದ್ದು ಕೊನೆಗೆ ನೀರಿಗೇ ಸೇರುತ್ತದೆ. ಎಣ್ಣೆ ನಿಲ್ಲಿಸಿದರೆ ಶಾಫ್ಟು ಸಾಯುತ್ತದೆ, ಹಾಕಿದರೆ ಹೊಳೆ ಸಾಯುತ್ತದೆ. ಆಗ ಯಾರಿಗೋ ಕಬ್ಬಿಣಕ್ಕೆ ಚರ್ಮ ಹಚ್ಚುವವಳ ನೆನಪಾಯಿತು.

ಹೀಗೆ ನಾವು ಗಂಟುಮೂಟೆ ಕಟ್ಟಿಕೊಂಡು ತೊರೆಹಾಳಕ್ಕೆ ಬಂದೆವು. ನಾನು, ನನ್ನ ಗಂಡ, ಅತ್ತೆ, ಅತ್ತೆಯ ಹೊಲಿಗೆ ಯಂತ್ರ. ಷರತ್ತು ಸರಳವಾಗಿತ್ತು. ದಸರೆ ದಾಟಿ ದೀಪಾವಳಿಯವರೆಗೆ ಮೂರೂ ಪಂಪು ನನ್ನ ಎಣ್ಣೆಯಲ್ಲಿ ಓಡಿದರೆ ಹೊಳೆಯುದ್ದಕ್ಕೂ ಎಲ್ಲ ಜಾಕ್‌ವೆಲ್ಲುಗಳಿಗೆ ಅದೇ ಎಣ್ಣೆ. ಒಂದು ಕೆಟ್ಟರೂ ಕಾಯ್ದೆಯನ್ನು ಸಡಿಲಿಸಿ ಹಳೇ ಎಣ್ಣೆಯನ್ನೇ ತರುವುದು. ಹಳೇ ಎಣ್ಣೆಯ ಒಂದು ಡ್ರಮ್ಮು ಕಟ್ಟಡದ ಹಿಂದೆ ಆಗಲೇ ಕಾದು ಕೂತಿತ್ತು.

ಜಾಕ್‌ವೆಲ್ಲಿನ ಹಿರಿಯ ಆಪರೇಟರ್ ಮಕ್ತುಮಸಾಬರು. ಊರಿಗೆಲ್ಲ ಮಕ್ತುಮ ಕಾಕಾ. ಬಿಳೀ ಮೀಸೆ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಪಂಪುಗಳನ್ನು ಅವರು ಕುದುರೆ ಸಾಕಿದ ಹಾಗೆ ಸಾಕಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒರೆಸಿ, ಹಿತ್ತಾಳೆಯ ಭಾಗಗಳಲ್ಲಿ ಮುಖ ನೋಡಿಕೊಂಡು ಮೀಸೆ ತಿರುವುತ್ತಿದ್ದರು. ಅಂಥವರ ಪಂಪಿಗೆ ನಾನು ಕರೀ ಪೊರೆ ಬರಿಸಿದೆ. ಅದರ ವಾಸನೆಯೂ ಹಳೇ ಉಪ್ಪಿನಕಾಯಿಯದು.

"ಬಾಯಾರ, ಇದೇನ್ರಿ ಇದು, ಹೊಲಸ ಹತ್ತಿದಂಗ ಕಾಣತೈತಿ?" ಎಂದು ಮೊದಲ ವಾರವೇ ಕೇಳಿದರು.

"ಅದು ಹೊಲಸಲ್ಲ ಕಾಕಾ, ಅದರ ಚರ್ಮ. ದಿನಾ ವರಸಬ್ಯಾಡ್ರಿ."

"ಬಂದವರು ಏನಂದಾರು? ಮಕ್ತುಮಸಾಬ ಮುದಕ ಆದ, ಪಂಪ ನೋಡ್ಕೊಳ್ಳಾಕ ಆಗವಲ್ದು ಅಂತಾರ."

"ಅಂದವರನ್ನ ನನ್ನ ಕಡೆ ಕಳಸ್ರಿ."

ಅಂದಿನಿಂದ ಅವರು ಒರೆಸುವುದನ್ನು ಬಿಟ್ಟರು. ಆದರೆ ಪಂಪಿನ ಹತ್ತಿರ ಹೋದಾಗಲೆಲ್ಲ, ತಲೆ ಬಾಚದ ಮಗುವನ್ನು ಶಾಲೆಗೆ ಕಳಿಸುವ ತಾಯಿಯ ಮುಖ ಮಾಡುತ್ತಿದ್ದರು. ಕಟ್ಟಡದ ಮೂಲೆಯ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಪರದೆ ಇತ್ತು. ಪ್ರತಿ ಪಂಪಿನ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಎಷ್ಟಿದೆ ಎಂದು ತೋರಿಸುವ ಮೂರು ಗೆರೆಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಮೂರೂ ಗೆರೆ ನೆಲ ಹಿಡಿದು ಮಲಗಿದ್ದವು. ಸವೆತವೆಂಬುದೇ ಇರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮನೆಯಲ್ಲೂ ಒಂದು ಪ್ರಯೋಗ ನಡೆದಿತ್ತು. ಅತ್ತೆ ಓಣಿಯ ಹೆಂಗಸರಿಗೆಲ್ಲ ಕುಬಸ ಹೊಲಿಯುತ್ತಾರೆ. ಅವರ ಹೊಲಿಗೆ ಯಂತ್ರಕ್ಕೂ ನಾನು ಅದೇ ಎಣ್ಣೆ ಬಿಟ್ಟಿದ್ದೆ. ಒಂದು ತಿಂಗಳಲ್ಲಿ ಯಂತ್ರ ಸದ್ದೇ ಮಾಡದಷ್ಟು ನುಣ್ಣಗಾಯಿತು. ಅತ್ತೆಗೆ ಅದೇ ತಕರಾರು.

"ಸಪ್ಪಳ ಇಲ್ಲದ ಮಿಷನ್ ಏನ ಮಿಷನ್ನs? ನಿನ್ನೆ ಗೌರಕ್ಕ ಬಂದು, ಶಿವಗಂಗವ್ವಾ ಹೊಲಿಗಿ ಬಿಟ್ಟಿಯೇನ ಅಂತ ಕೇಳಿದ್ಳು. ಆಕಿ ಮುಂದ ಕೂತ ಹೊಲದ ತೋರಿಸಬೇಕಾತು!"

"ಕಾಲು ನೋಯೂದು ಕಡಿಮಿ ಆಗೈತೋ ಇಲ್ಲೋ ಹೇಳ್ರಿ."

"ಅದೇನೋ ಖರೇನ," ಎಂದು ಒಪ್ಪಿಕೊಂಡರು, ಒಲ್ಲದ ಮನಸ್ಸಿನಿಂದ. ಅತ್ತೆ ನನ್ನನ್ನು ಹೊಗಳುವ ರೀತಿ ಅದು. ಅದಕ್ಕಿಂತ ಹೆಚ್ಚು ನಾನೂ ಕೇಳುವುದಿಲ್ಲ.

ಮಹಾನವಮಿಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಹೊರಗೆ ಬಂದೆ. ಪಡಸಾಲೆಯಲ್ಲಿ ಅತ್ತೆ ಹೊಲಿಗೆ ಯಂತ್ರವನ್ನು ಬಿಚ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅಂಟವಾಳ ನೆನೆಸಿದ ಬಿಸಿನೀರು, ಒಂದು ಮುದ್ದೆ ಹುಣಸೆಹಣ್ಣು. ಯಂತ್ರದ ಕರೀ ಪೊರೆಯೆಲ್ಲ ಬಟ್ಟೆಗೆ ಬಂದು, ಕಬ್ಬಿಣ ಫಳಫಳ ಹೊಳೆಯುತ್ತಿತ್ತು.

"ಅಯ್ಯ ಅತ್ತೀ, ಏನ ಮಾಡಾಕತ್ತೀರಿ?"

"ಏನಂದ್ರ? ಇವತ್ತ ಖಂಡೇ ಪೂಜಿ ಅಲ್ಲೇನು? ಕರೀ ಮಸಡಿ ಇಟ್ಕೊಂಡ ದೇವರ ಮುಂದ ಕುಂದರತೈತೇನ ಮಿಷನ್?"

ಹೊಲಿಗೆ ಯಂತ್ರ ಹೋದರೆ ಹೋಗಲಿ. ಖಂಡೇ ಪೂಜೆ, ಅಂದರೆ ಆಯುಧಪೂಜೆ, ಇವರ ಮನೆಯಲ್ಲಿ ಮಾತ್ರ ಇರುವುದಲ್ಲವಲ್ಲ! ಕತ್ತರಿ, ಕುಡುಗೋಲು, ತಕ್ಕಡಿ, ಸೈಕಲ್ಲು, ಬಸ್ಸು, ಊರಲ್ಲಿ ಕಬ್ಬಿಣವೆಂಬುದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಈ ಹೊತ್ತಿಗೆ ತಿಕ್ಕಿ ತೊಳೆಯುತ್ತಿದ್ದಾರೆ. ಜಾಕ್‌ವೆಲ್ಲಿನಲ್ಲಿ?

ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಪೂಜೆಯ ಹೊತ್ತಲ್ಲಿ ಯಾರು ಎತ್ತುತ್ತಾರೆ? ಗಂಡನನ್ನು ಅರ್ಧ ತಿಂದ ಉಪ್ಪಿಟ್ಟಿನಿಂದ ಎಬ್ಬಿಸಿ ಬೈಕಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಚೆಂಡುಹೂವಿನ ಹಾರ ಹಾಕಿದ ವಾಹನಗಳು, ಕುಂಬಳಕಾಯಿ ಒಡೆದ ರಸ್ತೆಗಳು. ಊರೆಲ್ಲ ಹಬ್ಬ, ನಾನು ಮಾತ್ರ ಬೈಕಿನ ಹಿಂದೆ ಕೂತು ಮತ್ತೆ ಮತ್ತೆ ಫೋನು ಮಾಡುತ್ತಿದ್ದೆ.

ಒಳಗೆ ಕಾಲಿಟ್ಟಾಗ ಊದುಬತ್ತಿಯ ಹೊಗೆ. ಕೆಲಸಗಾರರೆಲ್ಲ ಹೆಂಡತಿ ಮಕ್ಕಳ ಸಮೇತ ಹೊಸ ಬಟ್ಟೆಯಲ್ಲಿ ನಿಂತಿದ್ದರು. ಊರಿಗೆ ನೀರು ನಿಲ್ಲದಿರಲೆಂದು ತೊಳೆಯದೆ ಬಿಟ್ಟ ಮೂರನೆಯ ಪಂಪು ಎಂದಿನಂತೆ ಓಡುತ್ತಿತ್ತು. ಒಂದನೆಯದೂ ಎರಡನೆಯದೂ ಮದುವಣಗಿತ್ತಿಯರ ಹಾಗೆ ಮಿಂಚುತ್ತಿದ್ದವು. ಹಳೆಯ ಎಣ್ಣೆ ಬಸಿದು, ಅಂಟವಾಳದ ಬಿಸಿನೀರನ್ನು ಮೇಲಿನಿಂದ ಕೆಳತನಕ ಸುರಿದು, ಬೇರಿಂಗು ಬಿಚ್ಚಿ ಹುಣಸೆಹುಳಿ ಹಾಕಿ ತಿಕ್ಕಿದ್ದರು. ಆಮೇಲೆ ನನ್ನದೇ ಹೊಸ ಎಣ್ಣೆಯನ್ನು ಮುತುವರ್ಜಿಯಿಂದ ತುಂಬಿದ್ದರು. ಹೊಳೆಗೆ ಚೂರೂ ತೊಂದರೆಯಾಗದ ಸಾಮಾನುಗಳೇ ಎಲ್ಲ. ಕಾಯ್ದೆಯ ಪ್ರಕಾರ ನೋಡಿದರೆ ಬಹುಮಾನ ಕೊಡಬೇಕು.

ನಿಂಬೆಹಣ್ಣು ನಿವಾಳಿಸಿ ಒಂದನೆಯ ಪಂಪನ್ನು ಆಗಷ್ಟೇ ಚಾಲೂ ಮಾಡಿದ್ದರು. ನಾನು ಮೂಲೆಯ ಕೋಣೆಗೆ ಓಡಿದೆ. ಪರದೆಯಲ್ಲಿ ಒಂದನೆಯ ಗೆರೆ ಗೋಡೆ ಹತ್ತುವ ಹಲ್ಲಿಯ ಹಾಗೆ ನೆಟ್ಟಗೆ ಮೇಲೇರುತ್ತಿತ್ತು. ಪೊರೆಯಿಲ್ಲದ ಬರೀ ಉಕ್ಕು ಬರೀ ಉಕ್ಕನ್ನು ತಿನ್ನುತ್ತಿತ್ತು. ಹೊರಗೆ ಬಂದು ಕೆಂಪು ಗುಂಡಿ ಒತ್ತಿ ಪಂಪು ನಿಲ್ಲಿಸಿದೆ.

"ಯಾರನ್ನ ಕೇಳಿ ತೊಳದ್ರಿ? ತಲೀ ಐತೋ ಇಲ್ಲೋ ನಿಮಗ? ಎಲ್ಲಾ ಮಣ್ಣುಪಾಲು ಮಾಡಿದ್ರಲ್ಲಾ!"

ಮಕ್ತುಮ ಕಾಕಾರ ಕೈಯಲ್ಲಿ ಇನ್ನೂ ಕರ್ಪೂರದ ತಟ್ಟೆ ಇತ್ತು. ಅವರ ಹೆಂಡತಿ, ಸೊಸೆ, ಮೊಮ್ಮಕ್ಕಳು ಪಕ್ಕದಲ್ಲೇ ಇದ್ದರು. ಕಾಕಾರ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು.

"ಬಾಯಾರ, ನೀವ ದಿನಾ ವರಸಬ್ಯಾಡ ಅಂದ್ರಿ. ನಾವ ದಿನಾ ವರಸಿಲ್ರಿ," ಎಂದರು ಮೆಲ್ಲಗೆ. "ಇದು ಹಬ್ಬ. ಹಬ್ಬದ ದಿನಾನೂ ಬ್ಯಾಡ ಅಂತ ನೀವ ಹೇಳಿರಲಿಲ್ಲ."

ಹೌದು, ಹೇಳಿರಲಿಲ್ಲ. ಕಬ್ಬಿಣ ಹೇಗೆ ಜಡ್ಡುಗಟ್ಟುತ್ತದೆ ಎಂದು ಇವರಿಗೆಲ್ಲ ಚಿತ್ರ ಬರೆದು ತೋರಿಸಿದ್ದೆ. ಖಂಡೇ ಪೂಜೆಯ ಮನೆಯಲ್ಲೇ ಹುಟ್ಟಿ, ಖಂಡೇ ಪೂಜೆಯ ಮನೆಗೇ ಸೊಸೆಯಾಗಿ ಬಂದವಳಿಗೆ ಆ ಒಂದು ದಿನ ಮಾತ್ರ ಹೊಳೆದಿರಲಿಲ್ಲ. ಬೈದದ್ದು ತಪ್ಪೆಂದು ಆ ಕ್ಷಣಕ್ಕೇ ಗೊತ್ತಾಯಿತು. ಆದರೂ ನನ್ನ ನಾಲಿಗೆ ತಪ್ಪಾಯಿತೆನ್ನಲು ಏಳಲಿಲ್ಲ.

ಸುದ್ದಿ ಮುಟ್ಟಿ ಕಾರ್ಯನಿರ್ವಾಹಕ ಇಂಜಿನಿಯರು ಪ್ರಾಣೇಶ ದೇಸಾಯಿ ಬಂದರು. ಹಬ್ಬದ ಮಡಿಪಂಚೆಯಲ್ಲೇ ಬಂದಿದ್ದರು. ಕೆಟ್ಟವರಲ್ಲ. ನೀರು ನಿಂತರೆ ಊರು ಅವರನ್ನು ಹಿಡಿಯುತ್ತದೆ, ಅಷ್ಟೇ.

"ಮೂರನೇದೊಂದರಿಂದ ಏನಾಗತದ್ರಿ?" ಎಂದರು. "ಎರಡು ಕೂಡಿ ಎತ್ತಿದರ ಮಾತ್ರ ಗುಡ್ಡದ ಟಾಕಿಗೆ ನೀರು ಹತ್ತತದ. ಗುಡ್ಡದ ಮ್ಯಾಲೆ ಹೆರಿಗಿ ಆಸ್ಪತ್ರಿ ಅದ, ಅರ್ಧ ಊರದ. ಟಾಕಿಯೊಳಗಿರೋ ನೀರು ನಾಳೆ ಸಂಜಿತನಕ ಬಂದರ ಪುಣ್ಯ. ನಿಮ್ಮ ಆ ಪೊರೆ ಮತ್ತ ಬರಾಕ ಎಷ್ಟು ದಿನ ಬೇಕು?"

"ಒಂದು ತಿಂಗಳು."

"ಹಂಗಾರ ಹಿಂದಿನ ಡ್ರಮ್ಮು ತಗಸ್ತೀನಿ. ಹಳೇ ಎಣ್ಣಿಗೆ ಪೊರೀನೂ ಬ್ಯಾಡ, ಗಿರೀನೂ ಬ್ಯಾಡ. ಕ್ಷಮಿಸ್ರಿ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆ ಎಣ್ಣೆ ಒಂದು ಸಲ ಒಳಗಿಳಿದರೆ ನನ್ನ ಜೀವಿಗಳು ಸಾಯುತ್ತವೆ. ಬರೀ ಈ ಪಂಪಿನಲ್ಲಲ್ಲ, ವರದಿಯಲ್ಲೂ, ಉಳಿದ ಜಾಕ್‌ವೆಲ್ಲುಗಳಲ್ಲೂ. ಇಬ್ಬರು ಕೆಲಸಗಾರರು ಡ್ರಮ್ಮು ತರಲು ಹೊರಟರು. ಮಕ್ತುಮ ಕಾಕಾ ಬಾಗಿಲಿಗೆ ಅಡ್ಡ ನಿಂತರು.

"ಸಾಹೇಬ್ರ, ಒಂದ ಮಾತ ಹೇಳತೀನಿ. ಹರೇದಾಗಿನಿಂದ ಆ ಎಣ್ಣಿ ಹಾಕಿದಾಂವ ನಾನs. ದಿನಾ ಬೆಳಿಗ್ಗೆ ಡಬ್ಬಿ ತುಂಬತಿದ್ದೆ, ಮರುದಿನ ಖಾಲಿ ಇರತಿತ್ತ. ಎಲ್ಲಿ ಹೋಗತಿತ್ತ ಅಂತ ನನಗ ಗೊತ್ತಿತ್ರಿ. ಊರ ಕುಡೀತಿತ್ತ. ನನ್ನ ಮಕ್ಕಳೂ ಕುಡೀತಿದ್ರು. ಮತ್ತ ಅದನ್ನ ನನ್ನ ಕೈಲೆ ಹಾಕಿಸಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು. "ಬಾಯಾರ, ತಿಂಗಳ ಬ್ಯಾಡ. ನಾಳೆ ಸಂಜಿತನಕ ಏನರ ಮಾಡಾಕ ಬರತೈತೇನ್ರಿ?"

ನಾನು ಓಡುತ್ತಿದ್ದ ಮೂರನೆಯ ಪಂಪನ್ನು ನೋಡಿದೆ. ಕರಿದು, ಕೊಳಕು, ಸದ್ದಿಲ್ಲದ್ದು. ಪ್ರಯೋಗಾಲಯದಲ್ಲಿ ಒಂದು ಸಲ, ಬೆಳೆದ ಪೊರೆಯ ಎಣ್ಣೆಯನ್ನು ಹೊಸ ಎಣ್ಣೆಗೆ ಬೆರೆಸಿದ್ದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅಂಗೈಯಗಲದ ಉಕ್ಕಿನ ಬಿಲ್ಲೆಯನ್ನು ಅದರಲ್ಲಿ ಮೆಲ್ಲಗೆ ಉಜ್ಜಿ, ನಡುನಡುವೆ ಬಿಟ್ಟು, ಮತ್ತೆ ಉಜ್ಜಿದಾಗ ಮರುದಿನವೇ ಎಳೇ ಪೊರೆ ಕೂತಿತ್ತು. ಮೋಟಾರಿನ ವೇಗಕ್ಕೆ ಹೆಪ್ಪು ಕೂರುವುದಿಲ್ಲ, ಹಾರಿಹೋಗುತ್ತದೆ. ಮನುಷ್ಯ ನಡೆಯುವ ವೇಗ ಬೇಕು. ಆದರೆ ಬಿಲ್ಲೆ ಎಲ್ಲಿ, ಬಾವಿಯ ತಳಕ್ಕೆ ಇಳಿದ ಶಾಫ್ಟು ಎಲ್ಲಿ?

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮೂರನೇದರ ಎಣ್ಣೆ ಅರ್ಧ ತೆಗೆದು ಎರಡನೇದಕ್ಕ ಹಾಕಬೇಕು. ಮೋಟಾರು ಬಿಚ್ಚಿ, ಶಾಫ್ಟಿಗೆ ಅಡ್ಡ ಹಾರೆ ಸಿಗಿಸಿ, ಮಂದಿ ಸುತ್ತ ನಡೆದು ಕೈಯಿಂದನs ತಿರುವಬೇಕು. ಸಂಜೆತನಕ ಇವತ್ತು, ಬೆಳಗಾದ ಮ್ಯಾಲೆ ನಾಳೆ. ರಾತ್ರಿ ಅಲುಗಾಡಿಸದೆ ಬಿಡಬೇಕು."

"ಅರ್ಧ ಎಣ್ಣಿ ತಗದರ ಮೂರನೇದು ಕೈಕೊಟ್ರ?" ಎಂದರು ದೇಸಾಯಿ.

"ಕೊಡಬಹುದು. ಕೊಟ್ಟರ ಊರಿಗೆ ಒಂದು ಹನೀನೂ ಇಲ್ಲ. ನನಗ ಗೊತ್ತಿಲ್ರಿ."

ದೇಸಾಯಿಯವರು ಮಕ್ತುಮ ಕಾಕಾರನ್ನು ನೋಡಿದರು. ಕಾಕಾ ಕರ್ಪೂರದ ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ಹೊಸ ಅಂಗಿಯ ತೋಳು ಮಡಚಿದರು. ದೇಸಾಯಿ ಒಂದು ದೀರ್ಘ ಉಸಿರು ಬಿಟ್ಟು, "ನಾಳೆ ಸಂಜಿತನಕ. ಅದರ ಮ್ಯಾಲೆ ಒಂದ ನಿಮಿಷಾನೂ ಇಲ್ಲ," ಎಂದರು.

ಮೂರನೆಯ ಪಂಪಿನ ಎಣ್ಣೆಯನ್ನು ಅರ್ಧದಷ್ಟು ಬಸಿದೆ. ಬಸಿದಷ್ಟಕ್ಕೆ ಹೊಸ ಎಣ್ಣೆ ತುಂಬಿದೆ. ಪರದೆಯಲ್ಲಿ ಮೂರನೆಯ ಗೆರೆ ತುಸು ಮಿಸುಕಿ ತಲೆ ಎತ್ತಿತು. ಯಾರಿಗೂ ಹೇಳಲಿಲ್ಲ. ಹೇಳಿ ಏನು ಮಾಡುವುದು?

ಎರಡನೆಯ ಪಂಪಿನ ಮೋಟಾರು ಇಳಿಸಿ, ಶಾಫ್ಟಿನ ತಲೆಗೆ ನಾಲ್ಕು ಹಾರೆ ಕಟ್ಟಿದರು. ಒಂದೊಂದಕ್ಕೆ ಇಬ್ಬಿಬ್ಬರು. ಹೊಸ ಸೀರೆ ಉಟ್ಟ ಹೆಂಗಸರು ಸೆರಗು ಸಿಕ್ಕಿಸಿ ಮೊದಲು ಕೈ ಹಾಕಿದರು. ಬೀಸುಕಲ್ಲು ಬೀಸಿದ ಹಾಗೆ ಶಾಫ್ಟು ನಿಧಾನವಾಗಿ ತಿರುಗತೊಡಗಿತು. ಮೊದಮೊದಲು ತಳದಿಂದ ಕರಕರ ಸದ್ದು ಬರುತ್ತಿತ್ತು. ಒಂದಷ್ಟು ಸುತ್ತು, ಬಿಡುವು, ಮತ್ತೊಂದಷ್ಟು ಸುತ್ತು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಸುದ್ದಿ ಹಬ್ಬಿತ್ತು. 'ಜಾಕ್‌ವೆಲ್ ಕೈಯಿಂದ ತಿರುವಾಕತ್ತಾರಂತ' ಎಂದು ನೋಡಲು ಬಂದವರನ್ನು ಕಾಕಾ ಸುಮ್ಮನೆ ನಿಲ್ಲಗೊಡಲಿಲ್ಲ.

"ನೋಡಾಕ ಏನ ನಾಟಕ ಐತೇನ್ರೋ? ಬರ್ರಿ, ಹಾರಿ ಹಿಡೀರಿ. ಕೈ ಕೆಸರಾದರ ಬಾಯಿ ಮೊಸರು!"

ಬಸ್ ಡಿಪೋದವರು ಬಂದರು. ಸಾಲಿ ಮಾಸ್ತರರು ಬಂದರು. ನೀರಿನ ಬಿಲ್ಲು ಹೆಚ್ಚಾಯಿತೆಂದು ದೇಸಾಯಿಯವರ ಜೊತೆ ಸದಾ ಜಗಳವಾಡುತ್ತಿದ್ದ ಕಿರಾಣಿ ಅಂಗಡಿಯವರು ಬಂದು ಅವರ ಜೊತೆಗೇ ಒಂದು ಹಾರೆ ಹಿಡಿದರು. ದೇಸಾಯಿಯವರ ಮಡಿಪಂಚೆಯ ಅಂಚು ಆಗಲೇ ಕರ್ರಗಾಗಿತ್ತು. ಅತ್ತೆ ಆಟೋದಲ್ಲಿ ಹೋಳಿಗೆ ಡಬ್ಬಿ ಹೇರಿಕೊಂಡು ಬಂದು, ಎಲ್ಲರಿಗೂ ಬಡಿಸಿ, ಕೊನೆಗೆ ತಾವೂ ಒಂದು ಸುತ್ತು ತಿರುವಿದರು.

"ಸುಗಲಾ, ನನ್ನ ಮಿಷನ್ನಿಗೂ ಹಿಂಗs ಹೆಪ್ಪ ಹಾಕಬೇಕೇನs?"

"ಹೂಂ ಅತ್ತಿ."

"ಮದಲs ಹೇಳಬಾರದಾ? ಮುಂಜಾನಿಂದ ತಿಕ್ಕಿ ತಿಕ್ಕಿ ನನ್ನ ಟೊಂಕಾ ಬಿತ್ತು."

ಅಷ್ಟು ಚಿಂತೆಯಲ್ಲೂ ನನಗೆ ನಗು ಬಂತು. ಕತ್ತಲಾಗುವ ಹೊತ್ತಿಗೆ ಹಾರೆ ಬಿಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದೆವು. ಹೆಪ್ಪು ಹಾಕಿದ ಪಾತ್ರೆಯನ್ನು ಯಾರೂ ಅಲುಗಾಡಿಸುವುದಿಲ್ಲ.

ದಸರೆಯ ಬೆಳಿಗ್ಗೆ ಮತ್ತೆ ಶುರುವಾಯಿತು. ಮೊದಲ ಸುತ್ತಿನಲ್ಲೇ ಏನೋ ಬದಲಾಗಿದೆ ಎಂದು ಹಾರೆ ಹಿಡಿದ ಎಲ್ಲರಿಗೂ ಗೊತ್ತಾಯಿತು. ನಿನ್ನೆ ಇಬ್ಬರು ತಳ್ಳುತ್ತಿದ್ದ ಹಾರೆಯನ್ನು ಇಂದು ಒಬ್ಬರು ತಳ್ಳಬಹುದಿತ್ತು. ಕರಕರ ಸದ್ದು ಕಡಿಮೆಯಾಗುತ್ತಾ ಬಂದು, ಊಟದ ಹೊತ್ತಿಗೆ ಬರೀ ಕಾಲುಗಳ ಸಪ್ಪಳ ಉಳಿಯಿತು. ಆದರೆ ಕೈಯಿಂದ ತಿರುಗುವುದು ಬೇರೆ, ಮೋಟಾರಿನ ವೇಗ ಬೇರೆ. ಎಳೇ ಪೊರೆ ಅದನ್ನು ತಡೆಯುತ್ತದೆಯೇ ಎಂದು ಹೇಳುವ ಯಾವ ಲೆಕ್ಕವೂ ನನ್ನಲ್ಲಿರಲಿಲ್ಲ.

ಸಂಜೆ ಮೋಟಾರು ಏರಿಸಿದರು. ಟಾಕಿ ಖಾಲಿಯಾಗಿದೆ ಎಂದು ಆಸ್ಪತ್ರೆಯಿಂದ ಆಗಲೇ ಎರಡು ಸಲ ಫೋನು ಬಂದಿತ್ತು. ಹೊರಗೆ ಹಳೇ ಎಣ್ಣೆಯ ಡ್ರಮ್ಮಿನ ಮುಚ್ಚಳ ತೆಗೆದಿಟ್ಟಿದ್ದರು. ಮಕ್ತುಮ ಕಾಕಾ ಗುಂಡಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ನಾನು ಪರದೆಯ ಮುಂದೆ ಕೂತು, "ಹಾಕ್ರಿ ಕಾಕಾ," ಎಂದೆ.

ಎರಡನೆಯ ಗೆರೆ ಏರಿತು. ಏರುತ್ತಲೇ ಹೋಯಿತು. ಯಾರೋ ಹಿಂದಿನಿಂದ "ಆತು, ಹೋತು" ಎಂದರು. ದೇಸಾಯಿಯವರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ಗೆರೆ ಇನ್ನೊಂದಿಷ್ಟು ಏರಿ, ಅಲ್ಲೇ ತಡವರಿಸಿತು. ಆಮೇಲೆ ಬಾಗಿತು. ಉದುರಿದ ಪುಡಿಯನ್ನು ಯಾರೋ ಹೆಕ್ಕಲು ಶುರುಮಾಡಿದ್ದರು! ಕಣ್ಣಿಗೆ ಕಾಣದ ಆ ಪುಟ್ಟ ಕೂಲಿಗಳು ಹೊಸ ಮನೆಯಲ್ಲಿ ಕೆಲಸಕ್ಕೆ ಹತ್ತಿದ್ದವು. ಗೆರೆ ಮೆಲ್ಲಗೆ ಇಳಿಯುತ್ತಾ ಮೂರನೆಯದರ ಹತ್ತಿರ ಬಂತು. ಮೂರನೆಯದೂ ಮಿಸುಕಾಟ ಬಿಟ್ಟು ಮಲಗಿತು.

ಒಂದನೆಯ ಪಂಪಿನ ಬೇರಿಂಗು ಗೀರುಬಿದ್ದಿತ್ತು. ಅದಕ್ಕೆ ಹೊಸದು ಹಾಕಿಸಿ, ಇನ್ನೂ ಎಷ್ಟೋ ದಿನ ಆರೈಕೆ ಮಾಡಬೇಕು. ಇರಲಿ. ಎರಡು ಕೂಡಿ ಎತ್ತಿದರೆ ಗುಡ್ಡಕ್ಕೆ ಸಾಕು. ನಾನು ಹೊರಗೆ ಬಂದು, ನಿಂತ ಕಾಲಲ್ಲೇ ಅತ್ತೆಗೆ ಫೋನು ಮಾಡಿದೆ. ನಮ್ಮ ಮನೆ ಇರುವುದೂ ಗುಡ್ಡದ ಮೇಲೆಯೇ. ಅವರು ಫೋನನ್ನು ನಳದ ಹತ್ತಿರ ಹಿಡಿದು ಬಿಂದಿಗೆಗೆ ನೀರು ಬೀಳುವ ಸದ್ದನ್ನು ಕೇಳಿಸಿದರು. ಗುಡ್ಡದ ಮೇಲಿನ ಎಲ್ಲ ಓಣಿಗಳಿಂದ 'ನಳಾ ಬಂತು, ನಳಾ ಬಂತು' ಎಂದು ಕೂಗು ಏಳುತ್ತಿತ್ತಂತೆ. "ಒಂದನೇದು ಕೆಟ್ಟದ್ದು ತೊಳದದ್ದಕ್ಕ, ಎಣ್ಣಿಯಿಂದಲ್ಲ. ವರದಿಯೊಳಗ ಹಂಗ ಬರೀತೀನಿ," ಎಂದು ದೇಸಾಯಿಯವರು ತಾವೇ ಹೋಗಿ ಡ್ರಮ್ಮಿನ ಮುಚ್ಚಳ ಮುಚ್ಚಿದರು.

ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. ಯಾರೋ ಚೀಲದ ತುಂಬ ಬನ್ನಿ ತಂದಿದ್ದರು. ನಮ್ಮ ಕಡೆ ದಸರೆಯ ಸಂಜೆ ಒಬ್ಬರಿಗೊಬ್ಬರು ಬನ್ನಿಯ ಎಲೆ ಕೊಟ್ಟು 'ಬಂಗಾರಧಂಗ ಇರೋಣು' ಎನ್ನುವುದು ರೂಢಿ. ವರ್ಷದ ಜಗಳ, ಮುನಿಸು, ತಪ್ಪು ಒಪ್ಪು ಎಲ್ಲ ಆ ಎಲೆಯ ಜೊತೆಗೆ ಮುಗಿಯಬೇಕು. ಪೊರೆಯ ಎಣ್ಣೆ ಅಂಗೈಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಅಲ್ಲಿದ್ದ ಗಂಡಸರು, ಹೆಂಗಸರು, ಅಧಿಕಾರಿ, ಅಂಗಡಿಯವರು, ಎಲ್ಲರ ಕೈಯೂ ಕರ್ರಗಿತ್ತು. ಕರೀ ಕೈಗಳಿಂದ ಕರೀ ಕೈಗಳಿಗೆ ಹಸಿರೆಲೆ ಹೋಗುವುದನ್ನು ನೋಡುತ್ತಾ ನಿಂತೆ.

ಆಮೇಲೆ ಮಕ್ತುಮ ಕಾಕಾರ ಮುಂದೆ ಹೋದೆ. ನಿನ್ನೆ ಅಂದದ್ದು ಎಲ್ಲರ ಎದುರಿಗೆ, ಅವರ ಮೊಮ್ಮಕ್ಕಳ ಎದುರಿಗೆ. ಹಾಗಾಗಿ ಇದೂ ಎಲ್ಲರ ಎದುರಿಗೇ ಆಗಬೇಕಿತ್ತು.

"ಕಾಕಾ, ನಿನ್ನೆ ಬಾಯಿಗೆ ಬಂದಂಗ ಅಂದೆ. ತಪ್ಪು ನಂದು. ಹಬ್ಬ ಅಂತ ನನಗs ಹೊಳೀಲಿಲ್ಲ. ಹೊಟ್ಟಿಯೊಳಗ ಹಾಕ್ಕೋರಿ," ಎಂದು ಬನ್ನಿ ಕೊಟ್ಟು ಬಗ್ಗಿದೆ.

ಅವರು ಕಾಲು ಹಿಂದೆ ಎಳೆದುಕೊಂಡು, "ಏಳ್ರಿ ಏಳ್ರಿ, ಮಗಳ ಸಮಾನ ನೀವು," ಎಂದರು. ನನ್ನ ಎಲೆಯನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ ತಮ್ಮ ಪಾಲಿನ ಬನ್ನಿಯನ್ನು ನನ್ನ ಅಂಗೈಯಲ್ಲಿ ಇಟ್ಟರು. ಎಲ್ಲರಿಗೂ ಹೇಳಿದ ಮಾತನ್ನೇ ನನಗೂ ಹೇಳಲು ಬಾಯಿ ತೆರೆದವರು ತಡೆದರು. ಓಡುತ್ತಿದ್ದ ಎರಡು ಪಂಪುಗಳ ಕಡೆ ನೋಡಿದರು, ಕರ್ರಗೆ, ಕೊಳಕಾಗಿ, ಸದ್ದಿಲ್ಲದೆ ಊರಿಗೆ ನೀರು ಎತ್ತುತ್ತಿದ್ದವುಗಳ ಕಡೆ.

"ಬಂಗಾರಧಂಗ ಬ್ಯಾಡ್ರಿ ಬಾಯಾರ," ಎಂದರು. "ಈ ವರ್ಷ ಕಬ್ಬಿಣಧಂಗ ಇರೋಣು."